ಹುರುಳಿ ನಿದ್ದೆ

ಹುರುಳಿ ಸತ್ತ ಸುದ್ದಿ ಕೇಳಿ ಅರಕಲಗೂಡಿಗೆ ಹೋದಾಗ ನನ್ನ ಭಾಮೈದ ಯೋಗೇಶ ಜಗಲಿಯ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚು ಬಂತು. ಹುರುಳಿ ನನ್ನವಳು. ಅವಳಿಗಾಗಿ ಅಳುವ ಹಕ್ಕು ಮೊದಲು ನನ್ನದು. ಅದನ್ನೂ ಇವನು ತೆಗೆದುಕೊಂಡುಬಿಟ್ಟನಲ್ಲ ಅನ್ನಿಸಿತು.

ದೊಡ್ಡ ಕಾಯಿಲೆಯಿಂದ ಎದ್ದವರು ಸಾಮಾನ್ಯವಾಗಿ ಧೈರ್ಯದ ಮಾತು ಬರೆಯುತ್ತಾರೆ. ದೇವರಿಗೂ ಡಾಕ್ಟರಿಗೂ ಕೈ ಮುಗಿಯುತ್ತಾರೆ. ನಾನೂ ಡಾಕ್ಟರಿಗೆ ಮುಗಿಯುತ್ತೇನೆ. ಆದರೆ ಕಾಯಿಲೆಯ ಬೆನ್ನಿಗೇ ಬರುವ ಇನ್ನೊಂದು ರೋಗದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ನಾವು ಹಾಸಿಗೆಯಲ್ಲಿ ಬಿದ್ದಿರುವಾಗ ನಮ್ಮ ಬದುಕನ್ನು ಬೇರೆ ಯಾರೋ ಬದುಕುತ್ತಿರುತ್ತಾರೆ, ಎಷ್ಟೋ ಸಲ ನಮಗಿಂತ ಚೆನ್ನಾಗಿಯೇ. ಎದ್ದು ಕೂತ ಮೇಲೆ ಅದನ್ನು ನೋಡಿ ಸಂತೋಷಪಡಬೇಕು ಎಂದು ಎಲ್ಲರೂ ಬಯಸುತ್ತಾರೆ. ನನ್ನಿಂದ ಆಗಲಿಲ್ಲ. ನಿಮ್ಮಿಂದಲೂ ಆಗದಿದ್ದರೆ, ಹಾಗಿರುವವರು ನೀವೊಬ್ಬರೇ ಅಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದರಲ್ಲಿ ಕೆಲವು ಭಾಗ ನನ್ನ ನೆನಪು, ಕೆಲವು ನನ್ನ ಹೆಂಡತಿ ಲತಾಳದು. ನನ್ನದು ಎಲ್ಲಿ ಮುಗಿಯುತ್ತದೆ, ಅವಳದು ಎಲ್ಲಿ ಶುರುವಾಗುತ್ತದೆ ಎಂದು ಈಗ ನನಗೇ ಖಾತ್ರಿಯಿಲ್ಲ.

ಹುರುಳಿ ಒಂದು ಫೆರೆಟ್. ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಳ್ಳನಿಗೆ ಕಟ್ಟಿದಂಥ ಕಪ್ಪು ಪಟ್ಟಿ. ಹೊರದೇಶಗಳಲ್ಲಿ ಬೆಕ್ಕು ಸಾಕಿದ ಹಾಗೆ ಸಾಕುತ್ತಾರೆ. ಮೈಸೂರಿನಲ್ಲಿ ನನ್ನ ಜೊತೆ ಇತಿಹಾಸ ಎಂ.ಎ. ಓದಿದ ಸ್ನೇಹಿತನೊಬ್ಬ ಗಂಡು ಹೆಣ್ಣು ಒಂದು ಜೋಡಿ ಇಟ್ಟುಕೊಂಡಿದ್ದ. ಮನೆಗೆ ಮಗು ಬಂದ ಮೇಲೆ ಅವುಗಳ ಮೈವಾಸನೆ ಆಗುವುದಿಲ್ಲ ಎಂದು ಅವನ ಹೆಂಡತಿ ಹಟ ಹಿಡಿದಳು. ನಮಗೆ ಮಕ್ಕಳಿಲ್ಲ. ನನಗೆ ಒಂದು ಕಡೆ ಕೂತು ಅಭ್ಯಾಸವೂ ಇಲ್ಲ. ಸಂಜೆಯಾದರೆ ಮನೆಯೊಳಗೇ ಬೋನಿನ ಪ್ರಾಣಿಯ ಹಾಗೆ ಓಡಾಡುವವನು. ನನ್ನ ಜೊತೆ ಓಡಾಡಲು ಇನ್ನೆರಡು ಇರಲಿ ಎಂದು ತಂದೆ.

ತಂತಿಬುಟ್ಟಿಗೆ ಟವೆಲ್ ಹೊದಿಸಿ ಮೈಸೂರಿನಿಂದ ಹಾಸನದ ಬಸ್ಸು ಹತ್ತಿದ್ದೆ. ಹೊಳೆನರಸೀಪುರದಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿದ್ದ ಅಜ್ಜಿ ಮೂಗು ಅರಳಿಸಿದಳು.

"ಏನಪ್ಪಾ ಅದು, ಪುನುಗಿನ ಬೆಕ್ಕಾ?"

"ಅಲ್ಲಮ್ಮ, ಫೆರೆಟ್ಟು."

"ಅಂಗಂದ್ರೆ?" ಎಂದು ಟವೆಲ್ ಎತ್ತಿಯೇಬಿಟ್ಟಳು. "ಅಯ್ಯೋ ನಮ್ಮಪ್ಪ, ಮುಂಗ್ಸಿ ಕಣಪ್ಪ ಇದು! ಒಳ್ಳೇ ಬಿಳೀ ಮುಂಗ್ಸಿ!"

ಮುಂಗುಸಿಯನ್ನು ಕಂಡರೆ ಹೋದ ಕೆಲಸ ಆಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಹಿಂದಿನ ಸೀಟಿನವರು ಎದ್ದು ಬಂದರು. ಮದುವೆ ಮಾತಿಗೆ ಹೊರಟಿದ್ದ ಇಬ್ಬರು ಕೈ ಮುಗಿದೇ ಮುಗಿದರು. ಕಂಡಕ್ಟರು ಬಗ್ಗಿ ನೋಡಿ, "ಎಲ್ಲಾ ನೋಡಿದ್ದಾಯ್ತಲ್ಲ, ಇನ್ ಟೈಮಿಗ್ ಸರ್ಯಾಗ್ ಓಯ್ತೀವಿ, ಕೂತ್ಕಳ್ರಿ" ಎಂದ. ಬಸ್ಸು ಹಾಸನಕ್ಕೆ ತಡವಾಗಿಯೇ ಬಂತು.

ಗಂಡಿಗೆ ಅವರೆ ಎಂದೂ ಹೆಣ್ಣಿಗೆ ಹುರುಳಿ ಎಂದೂ ಲತಾ ಹೆಸರಿಟ್ಟಳು. ಮೈಬಣ್ಣ ನೋಡಿ ಇಟ್ಟದ್ದು. ಪಕ್ಕದ ಮನೆಯ ಶಿವಣ್ಣನಿಗೆ ಜಮೀನಿನ ಕೇಸೊಂದಿತ್ತು. ಪ್ರತಿ ವಾಯಿದೆಯ ದಿನ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಸಾ, ಒಂದ್ ಕಿತ ಮಕ ತೋರ್ಸಿ ಸಾ." ಕೇಸು ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು. ಇದು ಮುಂಗುಸಿಯಲ್ಲ, ಇದರಿಂದ ಏನೂ ಆಗುವುದಿಲ್ಲ ಎಂದು ನಾನು ವಾದ ಮಾಡಿದರೆ, "ಸೋತಿಲ್ವಲ್ಲ ಸಾ!" ಎನ್ನುತ್ತಿದ್ದರು.

ಫೆರೆಟ್ ಸಾಕುವ ಸುಖವನ್ನು ಹೇಳುವುದು ಕಷ್ಟ. ಖುಷಿಯಾದರೆ ಬೆನ್ನು ಬಿಲ್ಲು ಮಾಡಿಕೊಂಡು ನಾಲ್ಕೂ ಕಾಲಲ್ಲಿ ಅಡ್ಡಡ್ಡ ಕುಪ್ಪಳಿಸುತ್ತವೆ. ಗೋಡೆಗೆ ಹೋಗಿ ಢಿಕ್ಕಿ ಹೊಡೆಯುತ್ತವೆ, ಗೋಡೆಯೇ ಬಂದು ಹೊಡೆದಂತೆ ಬೆರಗಾಗಿ ನೋಡಿ ಮತ್ತೆ ಕುಣಿಯುತ್ತವೆ. ಗಂಟಲಲ್ಲಿ ಡುಕ್ ಡುಕ್ ಎಂದು ಸಣ್ಣ ಸದ್ದು. ನನ್ನ ಕಾಲುಚೀಲ, ಜೇಬಿನ ಸೀಮೆಸುಣ್ಣ, ಲತಾಳ ಕೂದಲಿನ ಕ್ಲಿಪ್ಪು, ಒಮ್ಮೆ ಅವಳ ತಾಳಿಸರದ ಗುಂಡು ಕೂಡ ಫ್ರಿಜ್ಜಿನ ಹಿಂದೆ ಸೇರಿದ್ದವು. ಸಂಜೆ ಕಾಲೇಜಿನಿಂದ ಬಂದು ನಾನು ಫ್ರಿಜ್ಜು ಎಳೆಯುವುದು, ಅವೆರಡೂ ಎದೆ ಒಡೆದವರ ಹಾಗೆ ನಿಂತು ನೋಡುವುದು ನಡೆದೇ ಇತ್ತು.

ನಿದ್ದೆಯಂತೂ ಹೇಳತೀರದು. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಲತಾ ಹುರುಳಿಯನ್ನು ಎತ್ತಿದರೆ ಕತ್ತು ಜೋತುಬಿತ್ತು. ಅಲ್ಲಾಡಿಸಿದಳು, ನೀರು ಚಿಮುಕಿಸಿದಳು. ಮೈ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಅವಳು ಗೋಳೋ ಎಂದು ಅಳುವುದು ಕೇಳಿ ಶಿವಣ್ಣನ ಮನೆಯವರೆಲ್ಲ ಓಡಿ ಬಂದರು. ಸಾಕಷ್ಟು ಜನ ಸೇರಿದ ಮೇಲೆ ಹುರುಳಿ ಬಾಯಿ ಅಗಲಿಸಿ ಆಕಳಿಸಿದಳು. ಫೆರೆಟ್ಟುಗಳ ನಿದ್ದೆಯೇ ಹಾಗೆ ಎಂದು ಆಮೇಲೆ ಸ್ನೇಹಿತ ಫೋನಿನಲ್ಲಿ ನಕ್ಕ. ಅಂದಿನಿಂದ ನಮ್ಮ ಮನೆಯಲ್ಲಿ ಎಬ್ಬಿಸಿದರೂ ಏಳದ ನಿದ್ದೆಗೆ ಹುರುಳಿ ನಿದ್ದೆ ಎಂದೇ ಹೆಸರಾಯಿತು.

ಅವರೆ ಮೊದಲು ಹೋದ. ಹೊಟ್ಟೆಯಲ್ಲಿ ಗಂಟಾಗಿತ್ತು, ಪಶುವೈದ್ಯರು ಕೈಲಾದದ್ದು ಮಾಡಿದರು. ಹಿತ್ತಿಲಿನ ನುಗ್ಗೆಮರದ ಕೆಳಗೆ ಅವನನ್ನು ಹೂಳಿದೆವು. ಆ ಸಾವಿನ ಬಗ್ಗೆ ನನಗೆ ಯಾವ ಗೊಂದಲವೂ ಇಲ್ಲ. ನಾನಿದ್ದೆ, ನೋಡಿದೆ, ಅತ್ತೆ. ಹುರುಳಿ ಮಾತ್ರ ನನ್ನ ಕಾಲುಚೀಲಗಳನ್ನು ಒಂದೊಂದಾಗಿ ಎಳೆದು ತಂದು ಅವರೆ ಮಲಗುತ್ತಿದ್ದ ಮೂಲೆಯಲ್ಲಿ ರಾಶಿ ಹಾಕುತ್ತಿದ್ದಳು. ಅವನು ವಾಸನೆ ಹಿಡಿದು ಬರುತ್ತಾನೆ ಎಂದುಕೊಂಡಿದ್ದಳೋ ಏನೋ. ನಾನು ಅವಳ ಪಕ್ಕ ನೆಲದ ಮೇಲೆ ಮಲಗತೊಡಗಿದೆ. ಕೆಲವು ದಿನದ ಮೇಲೆ ಅವಳು ನನ್ನ ತುಂಬುತೋಳಿನ ಅಂಗಿಯ ಎಡತೋಳಿನೊಳಗೆ ನುಗ್ಗಿ ಮಲಗಿದಳು. ಅಂದಿನಿಂದ ಆ ತೋಳು ಅವಳದು. ಲತಾ ಎಷ್ಟು ಕರೆದರೂ ಅವಳ ತೋಳಿಗೆ ಹೋಗುತ್ತಿರಲಿಲ್ಲ. "ನನಗೆ ಇವಳದೊಂದು ಸವತಿ ಕಾಟ ಆಯ್ತು" ಎಂದು ಲತಾ ನಗುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಹೆಮ್ಮೆ ಇದ್ದ ಮನೆಗೆ ಹೊಟ್ಟೆಕಿಚ್ಚು ದಾರಿ ಕೇಳದೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾನು ಹಾಸನದ ಮನೆಯಿಂದ ದಿನಾ ಹೋಗಿಬಂದು ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಳೆಗಾಲ ಮುಗಿಯುತ್ತಿದ್ದಾಗ ವಿದ್ಯಾರ್ಥಿಗಳನ್ನು ಬಾಗೂರಿನ ಕಡೆಗೆ ವೀರಗಲ್ಲು ತೋರಿಸಲು ಕರೆದುಕೊಂಡು ಹೋಗಿದ್ದೆ. ಕಲ್ಲು ಲಂಟಾನದ ಪೊದೆಯಲ್ಲಿ ಹುದುಗಿತ್ತು. ನಾನೇ ಮೊಣಕಾಲೂರಿ ಒಳಗೆ ತೆವಳಿ ಬಳ್ಳಿ ಸರಿಸಿದೆ. ಹೀಗೆ ಮಾಡಿದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ನನಗೆ ಕಲ್ಲು ನೆನಪಿದೆ, ಪೊದೆ ನೆನಪಿಲ್ಲ.

ಅದಾದ ಮೇಲೆ ಜ್ವರ ಬಂತು. ವೈರಲ್ ಎಂದರು. ಮಾತ್ರೆ ನುಂಗಿದೆ, ಬೆವರಿದೆ, ಮತ್ತೆ ಬಂತು. ತಲೆ ಎಷ್ಟು ನೋಯುತ್ತಿತ್ತೆಂದರೆ ಕಣ್ಣುಗುಡ್ಡೆ ತಿರುಗಿಸಲೂ ಭಯ. ಹಾಸನದ ಒಂದು ಆಸ್ಪತ್ರೆಗೆ ಹೋದೆವು. ಡೆಂಗ್ಯೂ ಅಲ್ಲ, ಟೈಫಾಯಿಡ್ ಅಲ್ಲ, ಮಲೇರಿಯ ಅಲ್ಲ. ರಕ್ತ ಕೊಟ್ಟು ಕೊಟ್ಟು ಕಾಯುವ ಹಾಲಿನಲ್ಲಿ ನಮಗೊಂದು ಕಾಯಂ ಬೆಂಚಾಯಿತು. ಅಲ್ಲಿ ಕೂತವರಿಗೆ ಇರುವುದು ಒಂದೇ ಪ್ರಶ್ನೆ: "ನಿಮ್ದೇನಂತೆ?" ಕಾಯಿಲೆಗೆ ಹೆಸರು ಸಿಕ್ಕವರು ಹೆಸರು ಹೇಳುತ್ತಿದ್ದರು. ಸಕ್ಕರೆ, ಕಲ್ಲು, ಕಾಮಾಲೆ. ನಾನು "ಇನ್ನೂ ಗೊತ್ತಾಗಿಲ್ಲ" ಎಂದಾಗ ಸ್ವಲ್ಪ ದೂರ ಸರಿದು ಕೂರುತ್ತಿದ್ದರು. ಕಾಮಾಲೆಯವನನ್ನು ಕಂಡು ಅಸೂಯೆಪಟ್ಟ ಮನುಷ್ಯ ನಾನು. ಅವನಿಗೊಂದು ಹೆಸರಾದರೂ ಇತ್ತು.

ಅರಕಲಗೂಡು ಕಡೆಯಿಂದ ನನ್ನ ಅತ್ತೆ ಬಂದರು. ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರದಲ್ಲ. ನಾನು ಪಕ್ಕದಲ್ಲೇ ಇದ್ದರೂ ಮಗಳ ಮೂಲಕವೇ ಮಾತು.

"ಅಳೀಂದ್ರಿಗೆ ಯೋಳವ್ವ, ಆ ಮುಂಗ್ಸಿ ಕೂದ್ಲು ಒಟ್ಟೇಗ್ ಓಗೈತೆ. ಅದ್ಕೇ ಜ್ವರ ಬುಡ್ತಿಲ್ಲ."

"ಕೂದಲು ಹೊಟ್ಟೆಗೆ ಹೋದರೆ ಜ್ವರ ಬರಲ್ಲ ಎಂದು ನಿಮ್ಮಮ್ಮನಿಗೆ ಹೇಳು" ಎಂದೆ ನಾನೂ ಮಗಳ ಮೂಲಕ.

"ಅಂಗಾರೆ ಯಾತುಕ್ ಬಂತು ಅಂತ ಕೇಳವ್ವ."

ಆಮೇಲೆ ಒಬ್ಬರು ಎಳೆಯ ವಯಸ್ಸಿನ ಡಾಕ್ಟರಮ್ಮ ಬಂದು, ನನ್ನ ಪಂಚೆಯ ಕಟ್ಟು ಸಡಿಲಿಸಿ, ಸೊಂಟದ ಮಡಿಕೆಯಲ್ಲಿ ಒಂದು ಕಪ್ಪು ಹಕ್ಕಳೆ ನೋಡಿದರು. ಬೀಡಿ ತಾಗಿಸಿ ಸುಟ್ಟ ಹಾಗಿತ್ತು. ನೋವಿರಲಿಲ್ಲ, ತುರಿಕೆಯಿರಲಿಲ್ಲ, ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. "ಸ್ಕ್ರಬ್ ಟೈಫಸ್ ಇರ್ಬೇಕು. ಪೊದೆ, ಹುಲ್ಲಲ್ಲಿರೋ ಸಣ್ಣ ಹುಳ ಕಚ್ಚಿದ್ರೆ ಬರತ್ತೆ. ಪೊದೆಗೆ ಹೋಗಿದ್ರಾ? ಮನೇಲಿ ಪ್ರಾಣಿ ಇದ್ಯಾ?"

ಆ ಎರಡನೆಯ ಪ್ರಶ್ನೆಯನ್ನು ಅವರು ಸುಮ್ಮನೆ ಕೇಳಿದ್ದು. ಫೆರೆಟ್ಟಿನಿಂದ ಬಂದದ್ದಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿದರಂತೆ. ಆದರೆ ಅತ್ತೆಗೆ ಪ್ರಶ್ನೆ ಮಾತ್ರ ಕೇಳಿಸಿತ್ತು. ಅಂದೇ ಯೋಗೇಶನಿಗೆ ಫೋನು ಹೋಯಿತು. ಅವನು ಬೈಕಿನಲ್ಲಿ ಬಂದು ಹುರುಳಿಯನ್ನು ತಂತಿಬುಟ್ಟಿಯಲ್ಲಿಟ್ಟುಕೊಂಡು ಅರಕಲಗೂಡಿನ ಹತ್ತಿರದ ತಮ್ಮ ಊರಿಗೆ ಒಯ್ದ. ಆ ಹೊತ್ತಿಗೆ ಜ್ವರ ನನ್ನ ತಲೆಗೇರಿತ್ತು. ನಾನು ಲತಾಳಿಗೆ ವೀರಗಲ್ಲಿನ ಪಾಠ ಮಾಡುತ್ತಿದ್ದೆನಂತೆ. ಆಮೇಲೆ ಅದೂ ನಿಂತಿತು.

ಐಸಿಯುವಿನ ದಿನಗಳು ನನ್ನಲ್ಲಿಲ್ಲ. ಲತಾಳಲ್ಲಿವೆ. ದಿನಕ್ಕೆ ಎರಡು ಬಾರಿ ಒಳಗೆ ಬಿಡುತ್ತಿದ್ದರಂತೆ. ಹೆಸರು ಹಿಡಿದು ಕರೆದರೆ ಏಳುತ್ತಿರಲಿಲ್ಲ, ಕೈ ಎತ್ತಿ ಬಿಟ್ಟರೆ ಬೀಳುತ್ತಿತ್ತಂತೆ. ಹೊರಗೆ ಬಂದಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡರೆ ಲತಾ ಹೇಳುತ್ತಿದ್ದಳಂತೆ: "ಸುಮ್ನಿರಮ್ಮ, ಹುರುಳಿ ನಿದ್ದೆ. ಏಳ್ತಾರೆ." ಅದನ್ನೇ ನರ್ಸಿಗೂ ಹೇಳಿದಳು, ಬಿಲ್ ಕೌಂಟರಿನಲ್ಲಿ ವಿಚಾರಿಸಿದವನಿಗೂ ಹೇಳಿದಳು. ಅವಳು ಪ್ರಾರ್ಥನೆ ಮಾಡುವವಳಲ್ಲ. ಆ ಎರಡು ಪದ ಬಿಟ್ಟರೆ ಹಿಡಿದುಕೊಳ್ಳಲು ಅವಳಿಗೆ ಏನೂ ಇರಲಿಲ್ಲ.

ಎದ್ದೆ. ಆದರೆ ಪದಗಳು ಜೊತೆಗೆ ಏಳಲಿಲ್ಲ. ಚಮಚ ಎದುರಿಗಿದ್ದರೂ ಅದರ ಹೆಸರು ಬರುತ್ತಿರಲಿಲ್ಲ. ಲತಾ ದಿನಾ ತರಕಾರಿ ಬುಟ್ಟಿ ಮುಂದಿಟ್ಟು ಒಂದೊಂದನ್ನೂ ಎತ್ತಿ ಕೇಳುತ್ತಿದ್ದಳು. ಒಂದು ದಿನ ಹೀರೇಕಾಯಿಗೆ "ರಾಜವಂಶ" ಎಂದೆ. ಇಬ್ಬರೂ ನಕ್ಕೆವು, ನಗುತ್ತಾ ನಗುತ್ತಾ ಅವಳು ಅತ್ತುಬಿಟ್ಟಳು. ಇನ್ನು ಕೆಲವು ತಿಂಗಳು ಹೊಸ ನೆನಪುಗಳೂ ಅಲ್ಲಲ್ಲಿ ಜಾರಬಹುದು, ಹೆದರಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಹೆದರಬೇಡಿ ಎಂಬ ಮಾತು ನೆನಪಿದೆ.

ಇಡೀ ಕತ್ತಲಿನಲ್ಲಿ ಒಂದೇ ಒಂದು ಬೆಳಕಿನ ತುಂಡು ನನ್ನ ಬಳಿ ಉಳಿದಿತ್ತು. ನಾನು ಒರಗಿ ಮಲಗಿದ್ದೇನೆ. ಓರೆಯಾಗಿ ಬಿಸಿಲು ಬೀಳುತ್ತಿದೆ. ಎದೆಯ ಮೇಲೆ ಬೆಚ್ಚಗಿನ ಭಾರ. ಕತ್ತಿಗೆ ತಣ್ಣನೆಯ ಮೂಗು, ಡುಕ್ ಡುಕ್ ಸದ್ದು. ನಾನು "ಬಂದ್ಯಾ" ಎನ್ನುತ್ತೇನೆ. ಸುತ್ತ ಹಸಿ ಶುಂಠಿಯ ವಾಸನೆ. ಹುರುಳಿ ಆಸ್ಪತ್ರೆಗೆ ನನ್ನನ್ನು ನೋಡಲು ಬಂದಿದ್ದಳು ಎಂದು ನಾನು ಲತಾಳಿಗೆ ಹೇಳಿದೆ.

"ಐಸಿಯುಗೆ ನನ್ನನ್ನೇ ಬಿಡ್ತಿರ್ಲಿಲ್ಲ, ಹುರುಳೀನ ಬಿಡ್ತಾರಾ? ಅವಳಾಗ್ಲೇ ಅರಕಲಗೂಡಲ್ಲಿದ್ಲು ಕಣ್ರೀ."

ನಾನು ಇತಿಹಾಸ ಓದಿದವನು. ಹೊರಗಿನ ಒಂದು ಸಾಕ್ಷಿಯೂ ಇಲ್ಲದ ಮಾತನ್ನು ವಿದ್ಯಾರ್ಥಿ ಬರೆದರೆ ಕೆಂಪುಗೆರೆ ಎಳೆಯುತ್ತೇನೆ. ಈ ನೆನಪಿಗೂ ಎಳೆದೆ. ಆದರೆ ಒಳಗೊಳಗೆ ಅದನ್ನೇ ತಬ್ಬಿಕೊಂಡಿದ್ದೆ. ಅದು ಸುಳ್ಳಾದರೆ, ಅವಳು ಕೊನೆಗೆ ನನ್ನ ಬಳಿಗೆ ಬಂದದ್ದಕ್ಕೆ ಬೇರೆ ಯಾವ ಗುರುತೂ ಇರಲಿಲ್ಲ.

ಅವಳನ್ನು ವಾಪಸ್ ಕರೆತರೋಣ ಎಂದರೆ ಲತಾ ಒಪ್ಪಲಿಲ್ಲ. "ನಿಮಗೆ ಗಟ್ಟಿ ಶಕ್ತಿ ಬರ್ಲಿ. ಅಲ್ಲೀವರೆಗೂ ಅವಳನ್ನ ಮುಟ್ಟೋ ಹಾಗಿಲ್ಲ." ಡಾಕ್ಟರು ಬೇಡ ಅಂದಿಲ್ಲವಲ್ಲ ಎಂದೆ. "ನಾನು ಅಂತಿದ್ದೀನಿ" ಎಂದಳು. ಐಸಿಯುವಿನ ಹೊರಗೆ ಕೂತವಳು ಅವಳು. ಹೆಚ್ಚು ವಾದ ಮಾಡಲಾಗಲಿಲ್ಲ.

ನನ್ನ ಸಮಾಧಾನಕ್ಕೆಂದು ಯೋಗೇಶ ವೀಡಿಯೊ ಕಳಿಸತೊಡಗಿದ. ಅದೇ ತಪ್ಪಾಯಿತು. ಅವನ ಅಂಗಳದಲ್ಲಿ ಮುಸುಕಿನ ಜೋಳದ ತೆನೆಗಳ ರಾಶಿ. ಹುರುಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ತಲೆ ತೂರಿಸುತ್ತಾಳೆ. ಇಲಿ ಅಟ್ಟಿಸಿಕೊಂಡು ಓಡುತ್ತಾಳೆ. ನಮ್ಮ ಫ್ರಿಜ್ಜಿನ ಹಿಂದೆ ಕಾಲುಚೀಲ ಬಚ್ಚಿಡುತ್ತಿದ್ದವಳಿಗೆ ಅಲ್ಲೊಂದು ರಾಜ್ಯವೇ ಸಿಕ್ಕಿತ್ತು. ಹಿಂದಿನಿಂದ ಯೋಗೇಶನ ದನಿ: "ಏ ಉರ್ಳೀ, ಬಾ ಮಗಾ!" ಅವಳು ಕುಣಿಯುತ್ತಾ ಓಡಿ ಬಂದು ಅವನ ಲುಂಗಿಯ ಮಡಿಲಿಗೆ ಹಾರುತ್ತಾಳೆ. ನಾನು ಕರೆದಾಗ ಅವಳು ಒಮ್ಮೆಯೂ ಬಂದವಳಲ್ಲ. ಫೆರೆಟ್ಟುಗಳು ಕರೆದರೆ ಬರುವುದಿಲ್ಲ, ತಮಗೆ ಬೇಕಾದಾಗ ಬರುತ್ತವೆ ಎಂದು ನಾನು ಎಲ್ಲರಿಗೂ ವಿವರಿಸಿದ್ದೆ. ಅವನ ಬಾಯಲ್ಲಿ ಅವಳ ಹೆಸರಿನ ಮೊದಲ ಅಕ್ಷರವೇ ಹಾರಿಹೋಗಿದೆ. ಆ ಮುರುಕು ಹೆಸರಿಗೆ ಓಡಿ ಬರುತ್ತಾಳೆ! ಆ ವೀಡಿಯೊವನ್ನು ಎಷ್ಟು ಸಲ ನೋಡಿದೆನೋ. ಲತಾ ಬಂದರೆ ಫೋನನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದೆ.

ಸಂಕ್ರಾಂತಿಗೆ ನಾನು ಹಟ ಮಾಡಿ ಅರಕಲಗೂಡಿಗೆ ಹೋದೆ. ಚಳಿಗೆ ಸ್ವೆಟರು, ತಲೆಗೆ ಟೋಪಿ, ಕೈಯಲ್ಲಿ ನಡುಕ. ಅಲ್ಲಿ ಏನಾಯಿತೆಂದರೆ, ಅಥವಾ ನನಗೆ ಏನು ನೆನಪಿದೆಯೆಂದರೆ, ಇಷ್ಟು: ಯೋಗೇಶ ಅವಳನ್ನು ತಂದು ನನ್ನ ಮುಂದೆ ಬಿಟ್ಟ. ಅವಳು ನನ್ನ ಪಾದ ಮೂಸಿದಳು, ಬೆರಳು ಮೂಸಿದಳು, ಒಮ್ಮೆ ಸೀನಿ, ತಿರುಗಿ ಹೋಗಿ ಅವನ ಲುಂಗಿಯೊಳಗೆ ಸೇರಿಕೊಂಡಳು. ನನ್ನ ಮೈಯಲ್ಲಿ ಇನ್ನೂ ಔಷಧಿಯ ವಾಸನೆ ಇತ್ತೇನೋ. "ಒಸೀ ಒತ್ತು ಬುಡಿ ಬಾವ, ಬತ್ತಾಳೆ" ಎಂದ ಯೋಗೇಶ. ಆ ಮಾತಿನಲ್ಲಿದ್ದ ಕರುಣೆ ನನಗೆ ಚುಚ್ಚಿತು. ನನ್ನ ಪ್ರಾಣಿಯ ಬಗ್ಗೆ ನನಗೇ ಭರವಸೆ ಕೊಡಲು ಇವನ್ಯಾರು? ಆಮೇಲೆ ಊಟ. ಆಮೇಲೆ ಸಂಜೆ, ಹೊರಡುವ ಹೊತ್ತು. ನಡುವಿನದು ಏನೂ ಇಲ್ಲ. ಊಟವಾದ ಮೇಲೆ ನಿದ್ದೆ ಮಾಡಿರಬೇಕು.

ಹೊರಡುವಾಗ, "ಕರ್ಕೊಂಡ್ ಓಗಲ್ವಾ ಬಾವ? ಅಕ್ಕಂಗೆ ನಾನ್ ಯೋಳ್ತೀನಿ" ಎಂದು ಅವನೇ ಕೇಳಿದ.

"ಇಲ್ಲೇ ಇರಲಿ. ಇಲ್ಲಿ ಚೆನ್ನಾಗಿದ್ದಾಳೆ" ಎಂದೆ. ಕೇಳಿದವರಿಗೆ ದೊಡ್ಡ ಮನಸ್ಸಿನ ಮಾತು. ಅದು ಬರೀ ಸಿಟ್ಟು.

ಚಳಿ ಕಳೆದು ಬಿಸಿಲು ಏರತೊಡಗಿದಾಗ ಫೋನು ಬಂತು. ನಾವು ತಲುಪುವ ಹೊತ್ತಿಗೆ ಹೂಳಿಯಾಗಿತ್ತು. ಮೊದಲೇ ಹೇಳಿದ ಆ ಜಗಲಿಯ ಮೇಲೆ, ಟವೆಲ್ಲಿನೊಳಗಿನಿಂದಲೇ ಯೋಗೇಶ ಹೇಳಿದ:

"ಬೆಳಿಗ್ಗೆ ಎಬ್ಬುಸ್ದೆ ಬಾವ, ಏಳ್ನಿಲ್ಲ. ಎಲ್ಲಾ ಬಂದು ಸತ್ತೋಗೈತೆ ಕಣ್ಲಾ ಅಂದ್ರು. ನಾನು, ಸುಮ್ಕಿರ್ರೋ, ಇವ್ಳ ನಿದ್ದೇನೇ ಇಂಗೆ, ನಮ್ ಬಾವ ಯೋಳವ್ರೆ, ಉರ್ಳಿ ನಿದ್ದೆ ಅಂತ. ಬಾವನೂ ಇಂಗೇ ಮಲ್ಗಿದ್ದು ಎದ್ ಬರ್ನಿಲ್ವಾ ಅಂದೆ. ಮಡ್ಲಲ್ಲಿ ಇಕ್ಕಂಡು ಕೂತಿದ್ದೆ. ಒತ್ತು ಮುಳುಗಗಂಟ ಕೂತಿದ್ದೆ ಬಾವ. ಅವ್ಳು ತಣ್ಣಗಾದ್ಮೇಲೂವೇ ನಂಬ್ನಿಲ್ಲ."

ಲತಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವಳು ಐಸಿಯು ಹೊರಗೆ ನಂಬಿದ್ದ ಅದೇ ಎರಡು ಪದಗಳನ್ನು ಇವನು ನಂಬಿ ಕೂತಿದ್ದ. ಅವಳದು ನಿಜವಾಯಿತು. ಅವನದು ಆಗಲಿಲ್ಲ. ಇಷ್ಟೆಲ್ಲ ಅರ್ಥವಾಗುತ್ತಿತ್ತು ನನಗೆ. ಆದರೂ ಮನಸ್ಸಿನಲ್ಲಿ ಎದ್ದದ್ದು ಒಂದೇ: ಅವಳ ಕೊನೆಯ ದಿನವೂ ಇವನ ಮಡಿಲಿನಲ್ಲೇ.

ನಮ್ಮಲ್ಲಿ ಯಾರಾದರೂ ಸತ್ತರೆ ಮೂರನೆಯ ದಿನವೋ ಐದನೆಯ ದಿನವೋ ಹೂತ ಗುದ್ದಿನ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ಹತ್ತಿರದವರು ಮೊದಲು, ದೂರದವರು ಆಮೇಲೆ, ಒಬ್ಬೊಬ್ಬರಾಗಿ. ಹೊಂಗೆಮರದ ಕೆಳಗಿನ ಆ ಗೇಣುದ್ದದ ಗುದ್ದಿಗೂ, ಮೂರನೆಯ ದಿನಕ್ಕೆ ಕಾಯದೆ ನಾವು ಬಂದ ದಿನವೇ, ಅತ್ತೆ ತಟ್ಟೆ ಸಿದ್ಧ ಮಾಡಿಟ್ಟಿದ್ದರು. ಹಾಲು, ತುಪ್ಪ, ವೀಳ್ಯದೆಲೆ, ಒಂದು ಬೇಯಿಸಿದ ಮೊಟ್ಟೆ. ಕೂದಲು ಹೊಟ್ಟೆಗೆ ಹೋಗಿದೆ ಎಂದವರೇ ಇವರು. ಬೇಲಿಯಾಚೆಯಿಂದ ಒಬ್ಬಾಕೆ ಇಣುಕಿ, "ಏನಕ್ಕಾ, ಮುಂಗ್ಸಿಗೂ ಆಲುತುಪ್ಪನಾ?" ಎಂದಳು.

"ನಮ್ ಮನೇಲಿ ಉಂಡು ಮಲ್ಗಿದ್ದ ಜೀವ ಕಣಮ್ಮಿ. ನಿಂಗೇನಾಗ್ಬೇಕು, ಓಗು ಒಲೆ ನೋಡ್ಕೋ" ಎಂದರು ಅತ್ತೆ.

ಯೋಗೇಶ ವೀಳ್ಯದೆಲೆಯನ್ನು ಹಾಲಿನಲ್ಲಿ ಅದ್ದಿ ನನ್ನತ್ತ ಚಾಚಿದ. "ನೀವ್ ಮೊದ್ಲು ಬುಡಿ ಬಾವ. ನಿಮ್ಗೇ ಅಂತ ಕಾಯ್ಕಂಡಿದ್ದೋ."

ನನಗೆ ಈ ಶಾಸ್ತ್ರಗಳಲ್ಲಿ ನಂಬಿಕೆಯಿಲ್ಲ. ಆದರೆ ಮೊದಲು ಬಿಡುವವನು ಯಾರು ಎಂಬುದು ನನಗೆ ಬಹಳ ಮುಖ್ಯವಾಗಿತ್ತು. ಅದನ್ನು ಅವನು ಇಷ್ಟು ಸುಲಭವಾಗಿ ಕೊಟ್ಟದ್ದು ತಡೆಯಲಾಗಲಿಲ್ಲ.

"ನೀನೇ ಬಿಡು. ಹತ್ತಿರದವನು ನೀನೇ. ನಾನು ಸಂಕ್ರಾಂತಿಗೆ ಬಂದಾಗ ನನ್ನ ಹತ್ತಿರ ಬರ್ಲೂ ಇಲ್ಲ ಅವಳು."

ಯೋಗೇಶ ಟವೆಲ್ಲಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದ. "ಬರ್ನಿಲ್ವಾ? ಏನ್ ಬಾವ ಇಂಗಂತೀರಿ? ಉಂಡ್ಬುಟ್ಟು ಜಗ್ಲಿ ಮ್ಯಾಲೆ ಕುರ್ಚೀಲಿ ನಿದ್ದೆ ಓದ್ರಲ್ಲ, ಆಗ್ ಬಂದ್ಲಲ್ಲ! ನಿಮ್ ಎಡಗೈ ತೋಳೊಳಿಕ್ಕೆ ನುಗ್ಗಿ ಮಲೀಕಂಡ್ಲು. ಬಾಲ ಮಾತ್ರ ಈಚ್ಗಿತ್ತು."

"ತೋಳಲ್ಲ ಕಣ್ಲಾ, ಸ್ವೆಟ್ರು ಒಳಿಕ್ಕೆ" ಎಂದರು ಅತ್ತೆ. "ಎದೆ ಮ್ಯಾಲೆ ಮಲ್ಗಿತ್ತು. ಮೂತಿ ಇವ್ರ ಕತ್ತಿನತ್ರ ಇತ್ತು."

"ಅವ್ವಾ, ನಾನ್ ನೋಡ್ನಿಲ್ವಾ? ತೋಳು!"

"ನೀನೇನ್ ನೋಡ್ದೆ, ನೀನು ದನ ಕಟ್ಟಕ್ ಓಗಿದ್ದೆ. ಬಿಸ್ಲು ಬಿದ್ದೀತು ಅಂತ ಶುಂಠಿ ಚೀಲ ಎಳ್ದು ಅಡ್ಡ ನಿಲ್ಸಿದ್ದು ನಾನು." ಆಮೇಲೆ ಅತ್ತೆ ಮೊದಲ ಬಾರಿಗೆ ನನ್ನ ಮುಖ ನೋಡಿಯೇ ಮಾತಾಡಿದರು. "ನಿಮ್ಗೂ ಎಚ್ರ ಆಗಿತ್ತು. 'ಬಂದ್ಯಾ' ಅಂದ್ರಿ ಅದುನ್ನ. ಮತ್ತೆ ಇಬ್ರೂ ಮಲೀಕಂಡ್ರಿ. ನಿಮ್ಗೆ ಗೊತ್ತೈತೆ ಅಂತ್ಲೇ ನಾವು ಸುಮ್ನಿದ್ದೋ."

"ಅಕ್ಕ ಎಳ್ಳು ಬೀರಕ್ ಓಗಿದ್ಲು" ಎಂದ ಯೋಗೇಶ ಲತಾಳ ಕಡೆ ತಿರುಗಿ. "ನೀನ್ ಬಂದ್ರೆ ಬೈತೀಯ ಅಂತ ನಾನೇ ಮೆತ್ತುಗ್ ತಗ್ದು ಒಳಿಕ್ ಬುಟ್ಟೆ."

ಲತಾ ಅಲ್ಲಿರಲಿಲ್ಲ. ನಾನಿದ್ದೆ, ಆದರೂ ಇರಲಿಲ್ಲ.

ಶುಂಠಿ ಎಂದಾಗಲೇ ಆಸ್ಪತ್ರೆಯದೆಂದುಕೊಂಡಿದ್ದ ಆ ವಾಸನೆ ನನಗೆ ನೆನಪಾಗಿತ್ತು. ಆಮೇಲೆ ಎಷ್ಟೋ ದಿನ ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಇದು ರೋಗಿಗೆ ಹೇಳುವ ಸಮಾಧಾನದ ಸುಳ್ಳಿರಬಹುದು. 'ಬಂದ್ಯಾ' ಎಂಬ ಮಾತನ್ನು ನಾನು ಲತಾಳಿಗೆ ಹೇಳಿದ್ದೆ. ಅವಳು ಅಮ್ಮನಿಗೆ ಹೇಳಿರಬಹುದು, ಹೇಳಿಲ್ಲ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಯಾರೋ ಶುಂಠಿ ಕಷಾಯ ತಂದಿರಬಹುದು. ಆ ನೆನಪನ್ನು ನಾನು ಲತಾಳಿಗೆ ಹೇಳಿದ್ದು ಸಂಕ್ರಾಂತಿಗೆ ಮೊದಲೋ ಆಮೇಲೋ? ಮೊದಲೇ ಎಂದು ನನಗೆ ಅನ್ನಿಸುತ್ತದೆ, ಮೇಲೆ ಬರೆದದ್ದೂ ಅದೇ ಕ್ರಮದಲ್ಲಿ. ಆಮೇಲೆ ಎಂದು ಲತಾ ಖಂಡಿತವಾಗಿ ಹೇಳುತ್ತಾಳೆ. ಹಾಗಿದ್ದರೆ ನನ್ನ ನೆನಪು ಸುಳ್ಳಲ್ಲ. ಜಗಲಿಯದನ್ನು ಒಯ್ದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದೆ, ಅಷ್ಟೆ. ಹೇಳಿಕೊಟ್ಟ ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಮಾತು ಹೇಳುತ್ತಾರೆ, ನಿಜ ಕಂಡವರು ಸಣ್ಣ ವಿಷಯಕ್ಕೆ ಕಿತ್ತಾಡುತ್ತಾರೆ ಎಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೇನೆ. ತಾಯಿ ಮಗ ಆ ಪುಟ್ಟ ಗುದ್ದಿನ ಮುಂದೆ ತೋಳೋ ಸ್ವೆಟರೋ ಎಂದು ಕಿತ್ತಾಡುತ್ತಿದ್ದರು.

ನಾನು ಎಲೆ ತೆಗೆದುಕೊಂಡೆ. ಅರ್ಧ ಹಾಲು ನನ್ನ ಎಡತೋಳಿನ ಮೇಲೆಯೇ ಬಿತ್ತು. ಉಳಿದದ್ದನ್ನು ಬಿಟ್ಟೆ. ಆಗ ಅಳು ಬಂತು, ಎಲ್ಲರ ಮುಂದೆ.

ಯೋಗೇಶನ ಮೇಲಿನ ಹೊಟ್ಟೆಕಿಚ್ಚು ಅಂದಿಗೆ ಮುಗಿಯಿತು ಎಂದು ಹೇಳಬಹುದು. ಆದರೆ ಹೊಟ್ಟೆಕಿಚ್ಚು ಹಾಗೆ ಬರಿಗೈಯಲ್ಲಿ ಹೋಗುವ ಗಿರಾಕಿಯಲ್ಲ. ಈಗ ಅದು ಬೇರೆಯವನ ಮೇಲಿದೆ. ಸಂಕ್ರಾಂತಿಯ ಮಧ್ಯಾಹ್ನ ಜಗಲಿಯ ಕುರ್ಚಿಯಲ್ಲಿ, ಶುಂಠಿ ಚೀಲದ ಪಕ್ಕ, ಟೋಪಿ ಹಾಕಿಕೊಂಡು ಬಾಯಿ ತೆರೆದು ಮಲಗಿದ್ದ ಆ ರೋಗಿಯ ಮೇಲೆ. ಅವಳು ಅವನ ಬಳಿಗೆ ತಾನಾಗಿ ಬಂದಳು. ಅವನು ಅವಳನ್ನು ಮಾತಾಡಿಸಿದ. ಅವನಿಗೆ ಎಲ್ಲವೂ ಸಿಕ್ಕಿತ್ತು, ಏನನ್ನೂ ನನಗೆ ಉಳಿಸದೆ ಎದ್ದು ಹೋದ.

ಅರಕಲಗೂಡಿಗೆ ಹೋದಾಗಲೆಲ್ಲ ಊಟವಾದ ಮೇಲೆ ನಾನು ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಅತ್ತೆ ಈಗ ನನ್ನ ಜೊತೆ ನೇರವಾಗಿಯೇ ಮಾತಾಡುತ್ತಾರೆ.

"ಅತ್ತೆ, ಅವತ್ತು ತೋಳಾ, ಸ್ವೆಟರಾ?" ಎಂದು ಕೇಳುತ್ತೇನೆ.

"ಸ್ವೆಟ್ರು" ಎನ್ನುತ್ತಾರೆ ಅವರು.

ಕೊಟ್ಟಿಗೆಯಿಂದ ಯೋಗೇಶ ಕೂಗುತ್ತಾನೆ, "ತೋಳು!"

ನಾನು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಮೊದಲಿಂದ ಹೇಳಿ" ಎನ್ನುತ್ತೇನೆ.